ಹಳೆ ಏರ್ ರೈಫಲ್ ರಿಪೇರಿ: 10 ಮೀಟರ್‌ಗೆ 24 ಎಂಎಂ ಗ್ರೂಪ್ ಇದ್ದದ್ದು 8 ಎಂಎಂಗೆ ಬಂದ ಲೆಕ್ಕ

ಗ್ರೂಪ್ ಅಂದ್ರ ಒಂದೇ ಗುರಿಗೆ ಹೊಡದ ತೂತು ಎಷ್ಟು ಅಗಲ ಚದರ್ತಾವ ಅನ್ನೂ ಅಳತಿ. ರೈಫಲ್ 4.5 ಎಂಎಂ ಬೋರಿಂದು (ಬ್ಯಾರಲ್ ಒಳ ಅಗಲ), ಅಂದ್ರ .177 ಇಂಚು. ನಮ್ಮ ದೇಶದಾಗೇ ಮಾಡಿದ್ದು, ಬ್ಯಾರಲ್ ಮಡಚಿ ಲೋಡ್ ಮಾಡೂ ಸ್ಪ್ರಿಂಗ್ ರೈಫಲ್. ಕಾಕಾನ ಕಾಲದ್ದು, ಅಟ್ಟದ ಮ್ಯಾಲ ಗೋಣಿಚೀಲದಾಗ ಸುತ್ತಿ ಇಟ್ಟಿದ್ರು, ಬೆಳಗಾವಿ ಮಳಿಗಾಲದ ತಂಪು ಹತ್ತಿ ಮ್ಯಾಲಿನ ಬ್ಲೂಯಿಂಗ್ (ಜಂಗ ತಡಿಯೂ ನೀಲಿ-ಕರಿ ಪದರ) ಅರ್ಧಕ್ಕರ್ಧ ಹೋಗಿತ್ತು, ಆದ್ರ ಬ್ಯಾರಲ್ ಒಳಗಿನ ಗೆರಿ ಚಲೋ ಇದ್ವು. ಅಕ್ಕನ ಮಗಳು ಓಪನ್ ಸೈಟ್ ಏರ್ ರೈಫಲ್ ಹೊಡಿಯಾಕ ಕಲಿಯಾಕತ್ತಾಳ, ಮನ್ಯಾಗ ಪ್ರಾಕ್ಟೀಸ್‌ಗೆ ಒಂದು ಬೇಕು ಅಂದ್ಲು. ಹೊಸಾದು ತಗೊಳ್ಳೂಕಿಂತ ಮೊದಲು ಇದರಾಗ ಏನೈತಿ ನೋಡೂಣು ಅಂತ ತೆಗದೆ. ನಾ ಬೆಳಗಾವಿ ಕೈಗಾರಿಕಾ ಪ್ರದೇಶ ಉದ್ಯಮಬಾಗದಾಗ ಟೂಲ್ ರೂಮಿನ್ಯಾಗ ಕೆಲಸ ಮಾಡಾಂವ, ಲೇಥ್, ಮೈಕ್ರೋಮೀಟರ್, ಡಯಲ್ ಗೇಜ್ ಕೈಗೆ ಸಿಗ್ತಾವ. ಹಿಂಗಾಗಿ ಕೆಳಗಿನ ಭಾಳಷ್ಟು ಕೆಲಸ ಖರ್ಚಿಲ್ದ ಆಗೇತಿ, ನಿಮಗ ಲೇಥ್ ಕೆಲಸಕ್ಕ ರೊಕ್ಕ ಕೊಡೂದು ಬಿದ್ರ ಲೆಕ್ಕ ಬ್ಯಾರೇನ ಬರ್ತೈತಿ.

ಮೊದಲಿಗೇ ಒಂದು ಮಾತು. 4.5 ಎಂಎಂ ಬೋರ್, 20 ಜೂಲ್ ಒಳಗಿನ ಶಕ್ತಿ ಇದ್ದ ಏರ್ ರೈಫಲ್‌ಗೆ ಲೈಸೆನ್ಸ್ ಬೇಕಾಗಿಲ್ಲ. ಅದನ್ನ ದಾಟಿ ಪವರ್ ಏರಸೂ ಕೆಲಸ ಇಲ್ಲಿ ಮಾಡಿಲ್ಲ, ಮಾಡೂದೂ ಇಲ್ಲ. ಗುರಿಗೆ ಪವರ್ ಬೇಕಾಗಿಲ್ಲ, ಪ್ರತಿ ಸಲ ಒಂದೇ ಸಮ ಬರೂದು ಬೇಕು.

ಹಂತ 1: ಬಿಚ್ಚೂಕಿಂತ ಮೊದಲು ಅಳತಿ

ಈ ರೀತಿ ನಾ ಕಲ್ತದ್ದು ಕಾರ್ಟ್ರಿಜ್ (ಮದ್ದು ತುಂಬಿದ ತೋಟಾ) ರೈಫಲ್ ಮಂದಿ ಬರದದ್ದು ಓದಿ. ಅಮೇರಿಕಾದಾಗ 1950ರಾಗ ರೆಮಿಂಗ್ಟನ್ ಕಂಪನಿಯ ಮೈಕ್ ವಾಕರ್ .222 ರೆಮಿಂಗ್ಟನ್ ಅಂತ ಒಂದು ಸಣ್ಣ ಕಾರ್ಟ್ರಿಜ್ ಮಾಡಿದ್ರು, ಹೊಲ ಹಾಳ ಮಾಡೂ ಸಣ್ಣ ಪ್ರಾಣಿ ಹೊಡಿಯಾವರೂ ಅದನ್ನ ಹಿಡಿದ್ರು, ಬೆಂಚ್‌ರೆಸ್ಟ್ ಅಂತ ಮೇಜಿನ ಮ್ಯಾಲ ರೈಫಲ್ ಇಟ್ಟು ಬರೇ ಗ್ರೂಪ್ ಸಲುವಾಗಿ ಹೊಡಿಯಾವರೂ ಹಿಡಿದ್ರು. ಆಮ್ಯಾಲ 1975ರ ಸುಮಾರಿಗೆ ಲೂ ಪಾಲ್ಮಿಸಾನೊ ಮತ್ತ ಫೆರಿಸ್ ಪಿಂಡೆಲ್ ಕೂಡಿ .220 ರಷ್ಯನ್ ಕೇಸ್ (ತೋಟಾದ ಹಿತ್ತಾಳಿ ಕವಚ) ಹಿಗ್ಗಿಸಿ 6 ಪಿಪಿಸಿ ತಂದ್ರು, ಬೆಂಚ್‌ರೆಸ್ಟಿನ್ಯಾಗ .222ರ ಜಾಗಾ ಅದು ತಗೊಂತು. ಪಾಲ್ಮಿಸಾನೊ ಸರ್ಜನ್, ಪಿಂಡೆಲ್ ಟೂಲ್ ಅಂಡ್ ಡೈ ಮೇಕರ್. ನಮ್ಮ ಕಸಬಿನವರು ಅನ್ನೂದು ಓದಿದಾಗ ನನಗ ಭಾಳ ಖುಷಿ ಆಗಿತ್ತು. ಆ ಮಂದಿ ಕೇಸ್ ತೂಕ ಮಾಡ್ತಾರ, ಕೇಸಿನ ಕುತ್ತಿಗಿ ಲೇಥಿನ್ಯಾಗ ಒಂದೇ ದಪ್ಪಕ್ಕ ಕತ್ತರಸ್ತಾರ, ಬುಲೆಟ್ ಸೀದಾ ಕೂತೈತೋ ಇಲ್ಲೋ ಡಯಲ್ ಗೇಜ್ ಹಚ್ಚಿ ರನ್‌ಔಟ್ ನೋಡ್ತಾರ, ಮತ್ತ ಒಂದು ಸಲಕ್ಕ ಒಂದೇ ಬದಲಾವಣಿ ಮಾಡಿ ಗ್ರೂಪ್ ಅಳದು ಬರದಿಡ್ತಾರ. ನಮ್ಮಲ್ಲೆ ಲೈಸೆನ್ಸ್ ಇಲ್ದ ಮನ್ಯಾಗ ಕಾರ್ಟ್ರಿಜ್ ತುಂಬೂದು 1959ರ ಆರ್ಮ್ಸ್ ಆಕ್ಟ್ ಪ್ರಕಾರ ಅಪರಾಧ, ಅದರ ತಂಟೆ ಬ್ಯಾಡ. ಆದ್ರ ಅವರ ಶಿಸ್ತು ಏರ್ ರೈಫಲ್ಲಿನ ಸೀಸದ ಸಣ್ಣ ಗುಂಡು, ಅಂದ್ರ ಪೆಲೆಟ್‌ಗೂ ನಡಿತೈತಿ.

ಮನಿ ಬಾಜೂಕ ಕಂಪೌಂಡ್ ಗ್ವಾಡಿಗುಂಟ 10 ಮೀಟರ್ ಟೇಪ್ ಹಿಡಿದು ಗೆರಿ ಹಾಕಿದೆ. ಗುರಿ ನಡು ನೆಲದಿಂದ 1.4 ಮೀಟರ್ ಎತ್ತರ, ಮ್ಯಾಚಿನ್ಯಾಗೂ ಅಷ್ಟ. ಮ್ಯಾಚ್ ಕಾರ್ಡಿನ್ಯಾಗ ಕರಿ ವೃತ್ತ 30.5 ಎಂಎಂ, 9ರ ರಿಂಗ್ 5.5 ಎಂಎಂ, 10 ಅನ್ನೂದು ಬರೇ ಅರ್ಧ ಎಂಎಂ ಚುಕ್ಕಿ. ಪೆಲೆಟ್ ಮಾರಿ ಚಪ್ಪಟಿ ಇದ್ದದ್ದು, ಕಾಗದದಾಗ ಸ್ವಚ್ಛ ದುಂಡಗ ತೂತು ಬೀಳ್ತೈತಿ, ಅಳಿಯಾಕ ಸಸಾರ. ಗ್ರೂಪ್ ಅಳಿಯೂದು ಹಿಂಗ: ಎಲ್ಲಾಕಿಂತ ದೂರ ಇದ್ದ ಎರಡು ತೂತಿನ ಹೊರ ಅಂಚಿನಿಂದ ಹೊರ ಅಂಚಿಗೆ ವರ್ನಿಯರ್ ಹಿಡದು ಅದರಾಗ 4.5 ಕಳಿಯೂದು. ಗ್ರೂಪಿಗೆ ಐದು ಹೊಡತ, ಹಂಗ ಹಲವು ಗ್ರೂಪ್ ಹೊಡದು ಸರಾಸರಿ. ಎಲ್ಲಾ ಟೆಸ್ಟಿಗೂ ಮೇಜಿನ ಮ್ಯಾಲ ಅದೇ ಜೋಳ ತುಂಬಿದ ಚೀಲ, ಸ್ಟಾಕಿನ ಅದೇ ಜಾಗಾ.

ಸುರುವಿನ ಸರಾಸರಿ 24 ಎಂಎಂ. ಮ್ಯಾಲ ಕೆಳಗ ಹೆಚ್ಚು, ಅಡ್ಡ ಸುಮಾರು 13.

ಹಂತ 2: ಗುರಿ ಹಿಂದಿನ ಡಬ್ಬಿ

ಬರೇ ದಪ್ಪ ಹಲಗಿ ಇಟ್ಟು ನೋಡಿದೆ, ನಡ್ಯೂದಿಲ್ಲ, ಪೆಲೆಟ್ ಪುಟದು ಮುಂದ ಬರ್ತಾವ. ಕಬ್ಬಿಣದ ಪ್ಲೇಟ್ ನೆಟ್ಟಗ ನಿಲ್ಲಿಸಿದ್ರೂ ಸೀಸ ಚೂರಾಗಿ ಸಿಡಿತೈತಿ. ಕಡೀಕ 300 x 300 ಎಂಎಂ ಪ್ಲೈವುಡ್ ಡಬ್ಬಿ, ಒಳಗ 6 ಎಂಎಂ ಎಂಎಸ್ ಪ್ಲೇಟ್ ಮುಂದಕ ಬಾಗಿಸಿ 45 ಡಿಗ್ರಿಗೆ ಕೂಡಿಸಿ, ಪೆಲೆಟ್ ಬಡದು ಕೆಳಗ ಉಸುಕಿನ ತಟ್ಟಿಗೆ ಬೀಳೂ ಹಂಗ ಮಾಡಿದೆ. ಪ್ಲೇಟಿನ ಮುಂದ ಹಳೆ ಚಾದರ ಮಡಚಿ ಜೋತು ಬಿಟ್ಟೀನಿ. ಕಣ್ಣಿಗೆ ಕನ್ನಡಕ ಇಲ್ದ ಯಾರೂ ಆ ಕಡೆ ನಿಲ್ಲಂಗಿಲ್ಲ. ಸೀಸ ಮುಟ್ಟಿದ ಮ್ಯಾಲ ಸೋಪ್ ಹಚ್ಚಿ ಕೈ ತೊಳದ ಊಟಕ್ಕ ಕೂಡಬೇಕು, ಆ ಉಸುಕು ಸಣ್ಣ ಹುಡುಗರ ಕೈಗೆ ಸಿಗಬಾರದು.

ಹಂತ 3: ಸ್ಪೀಡ್ ಅಳಿಯೂ ಪೈಪ್

ಗ್ರೂಪ್ ಯಾಕ ಉದ್ದಕ ಬೀಳ್ತೈತಿ ಅಂತ ತಿಳೀಬೇಕಂದ್ರ ಸ್ಪೀಡ್ ಗೊತ್ತಿರಬೇಕು. ಕ್ರೋನೋಗ್ರಾಫ್ (ಸ್ಪೀಡ್ ಅಳಿಯೂ ಯಂತ್ರ) ತರಸೂ ಬದಲಿ ಒಂದು ಪಿವಿಸಿ ಪೈಪಿನ್ಯಾಗ ಎರಡು ಜೋಡಿ ಐಆರ್ ಎಲ್‌ಇಡಿ ಮತ್ತ ಫೋಟೋಡಯೋಡ್ ಕೂಡಿಸಿದೆ, ನಡುವ ಅಂತರ ಬರೋಬ್ಬರಿ 200 ಎಂಎಂ, ಸಿಗ್ನಲ್ ಎಲ್‌ಎಂ393 ಕಂಪ್ಯಾರೇಟರ್‌ದಾಗಿಂದ ಅರ್ಡುಯಿನೋ ಊನೋ ಅನ್ನೂ ಸಣ್ಣ ಕಂಪ್ಯೂಟರ್ ಬೋರ್ಡಿಗೆ. ಪೆಲೆಟ್ ಸೆಕೆಂಡಿಗೆ 165 ಮೀಟರ್ ಸ್ಪೀಡಿನ್ಯಾಗ ಹೊಂಟಿದ್ರ ಆ 200 ಎಂಎಂ ದಾಟಾಕ 1212 ಮೈಕ್ರೋಸೆಕೆಂಡ್ ಬೇಕು. ಊನೋ 4 ಮೈಕ್ರೋಸೆಕೆಂಡಿನ ಲೆಕ್ಕದಾಗ ಎಣಸ್ತೈತಿ, ಅಂದ್ರ ಅರ್ಧ ಮೀಟರಿನಷ್ಟ ಹೆಚ್ಚುಕಮ್ಮಿ, ನಮಗ ಸಾಕು. ಸೆನ್ಸರ್ ತಡಾ ಮಾಡಿದ್ರೂ ಎರಡೂ ಒಂದೇ ಸಮ ತಡಾ ಮಾಡಿದ್ರ ಲೆಕ್ಕದಾಗ ಕಳದು ಹೋಗ್ತೈತಿ, ಅದಕ್ಕ ಎರಡೂ ಒಂದೇ ಪ್ಯಾಕೆಟಿನವು ಹಾಕಬೇಕು. ಬಿಸಲಾಗ ಇಟ್ರ ಹುಚ್ಚುಚ್ಚಾರ ರೀಡಿಂಗ್ ಬರಾಕತ್ವು, ಪೈಪಿನ ಒಳಗ ಕರಿ ಬಣ್ಣ ಹಚ್ಚಿ ಎರಡೂ ತುದಿಗೆ ಕರಿ ಕಾಗದದ ಕೊಳವಿ ಸಿಗಿಸಿದ ಮ್ಯಾಲ ನಿಂತ್ವು.

ಬಂದ ರೀಡಿಂಗ್: 171, 158, 166, 149, 162. ಅಂದ್ರ ಮೀಟರ್ ಪ್ರತಿ ಸೆಕೆಂಡಿಗೆ. ಮ್ಯಾಲಿಂದ ಕೆಳಗ 22ರ ಫರಕು. ಭಾಳ ಕೆಟ್ಟ.

ಆದ್ರ ಇಲ್ಲೇ ಲೆಕ್ಕ ಮಾಡಿ ನೋಡ್ರಿ. 171ರಾಗ ಹೊಂಟ ಪೆಲೆಟ್ 10 ಮೀಟರ್ ಮುಟ್ಟೂದ್ರಾಗ ಸುಮಾರು 17 ಎಂಎಂ ಇಳಿತೈತಿ, 149ರಾಗ ಹೊಂಟದ್ದು ಸುಮಾರು 22 ಎಂಎಂ. ಎರಡರ ಫರಕು ಐದೂಚಿಲ್ಲರ ಎಂಎಂ ಅಷ್ಟ. ಗ್ರೂಪ್ ಇರೂದು 24. ಹಂಗಾದ್ರ ಉಳಿದ ಎಂಎಂ ಎಲ್ಲಿಂದ ಬರಾಕತ್ತಾವ? ಸ್ಪ್ರಿಂಗ್ ಬದಲಿ ಮಾಡಿದ್ರ ಎಲ್ಲಾ ಸರಿ ಆಗ್ತೈತಿ ಅಂತ ಎಲ್ಲಾರೂ ಹೇಳ್ತಾರ, ಈ ಲೆಕ್ಕ ಹಂಗ ಹೇಳೂದಿಲ್ಲ. ಇದನ್ನ ಪಟ್ಟಿ ಪುಸ್ತಕದ ಮೊದಲ ಪುಟದಾಗ ದೊಡ್ಡದಾಗಿ ಬರದಿಟ್ಟೆ.

ಹಂತ 4: ಬಿಚ್ಚೂದು

ಸ್ಪ್ರಿಂಗ್ ಕಂಪ್ರೆಸರ್ ಇಲ್ದ ಹಿಂದಿನ ಬ್ಲಾಕಿನ ಪಿನ್ ತೆಗಿಬ್ಯಾಡ್ರಿ. ಒಳಗ ಸ್ಪ್ರಿಂಗ್ ಸುಮ್ಮನ ಕೂತಾಗೂ ಒತ್ತಿ ಕೂತಿರ್ತೈತಿ, ನನ್ನದ್ರಾಗ ಸುಮಾರು 45 ಎಂಎಂ ಪ್ರೀಲೋಡ್ ಇತ್ತು, ಪಿನ್ ಬಂದ ಕೂಡ್ಲೆ ಬ್ಲಾಕ್ ಹಾರಿ ಮಾರಿಗೆ ಬಡಿತೈತಿ. ನಾ 75 ಎಂಎಂ ಸಿ-ಚಾನೆಲ್ ತುಂಡಿಗೆ ಎರಡೂ ಕಡೆ ಪ್ಲೇಟ್ ವೆಲ್ಡ್ ಮಾಡಿ, ಒಂದು ಕಡೆ ಎಂ16 ಥ್ರೆಡ್ ರಾಡ್ ಹಾಕಿ, ತುದಿಗೆ ನೈಲಾನ್ ಗುಂಡು ಕೂಡಿಸಿದೆ. ರಾಡ್ ಬಿಗಿ ಮಾಡಿ ಭಾರ ತಗೊಂಡು ಪಿನ್ ತಟ್ಟಿ ತೆಗದು ಆಮ್ಯಾಲ ನಿಧಾನಕ್ಕ ಸಡಲ ಬಿಡೂದು.

ಒಳಗ ಕಂಡದ್ದು: ಸ್ಪ್ರಿಂಗ್ ಬಾಳೆಕಾಯಿ ಹಂಗ ಬಾಗಿತ್ತು, ಕಡೀ ಸುತ್ತು ಮುರದು ಪಕ್ಕದ ಸುತ್ತಿನಾಗ ಸಿಕ್ಕೊಂಡಿತ್ತು. ಪಿಸ್ಟನ್ನಿನ ತೊಗಲ ವಾಷರ್ ಒಣಗಿ ಬಿರಸಾಗಿ ಅಂಚು ಹರದಿತ್ತು. ಹಳೆ ಗ್ರೀಸ್ ಕಟ್ಟಿಗಿಯಷ್ಟು ಗಟ್ಟಿ. ಸ್ಪ್ರಿಂಗ್ ಗೈಡ್ ತಗಡು ಸುತ್ತಿ ಮಾಡಿದ್ದು, ಸ್ಪ್ರಿಂಗಿನ ಒಳಗ ಒಂದು ಎಂಎಂ ಸಡಲ. ಹೊಡದಾಗ ಟಣ್ಣ್ ಅಂತ ಸಪ್ಪಳ ಬರೂದು ಇದರಿಂದನ. ಎಲ್ಲಾ ಸೀಮಿಎಣ್ಣಿಯೊಳಗ ತೊಳದು ಒರಸಿ ಒಣಗಿಸಿದೆ.

ಹಂತ 5: ಸ್ಪ್ರಿಂಗ್, ಗೈಡ್, ತೊಗಲ ವಾಷರ್

ಸ್ಪ್ರಿಂಗ್ ಆನ್‌ಲೈನ್ ಸಿಕ್ತು, ಅದೇ ಮಾಡೆಲ್ಲಿಂದು, 450 ರೂಪಾಯಿ. ಬಂದಾಗ ತುದಿ ಒರಟಿತ್ತು, ಗ್ರೈಂಡ್ ಮಾಡಿ ಎರಡೂ ಮಾರಿ ಚಪ್ಪಟಿ ಮಾಡಿ ಆಯಿಲ್‌ಸ್ಟೋನ್ ತಿಕ್ಕಿದೆ. ಗೈಡ್ ಡೆಲ್ರಿನ್ (ಗಟ್ಟಿ ಪ್ಲಾಸ್ಟಿಕ್) ರಾಡಿನ್ಯಾಗ ತಿರುವಿದೆ. ಸ್ಪ್ರಿಂಗ್ ಒಳ ಅಳತಿ 12.6, ಗೈಡ್ 12.5. ಕೈಲೆ ತಿರುವಿ ಹಾಕಿದ್ರ ಹೊಗಬೇಕು, ತಾನ ಜಾರಿ ಬೀಳಬಾರದು. ಸ್ಪ್ರಿಂಗ್ ಒತ್ತಿದಾಗ ಒಳ ಅಳತಿ ಸ್ವಲ್ಪ ಹಿಗ್ಗತೈತಿ, ಹಿಂಗಾಗಿ ಇಷ್ಟು ಬಿಗಿ ಇದ್ರೂ ಹಿಡಿಯೂದಿಲ್ಲ.

ತೊಗಲ ವಾಷರ್ ಸಲುವಾಗಿ ನಾ ಹೆಚ್ಚು ಹೊತ್ತು ಕೊಟ್ಟೀನಿ. ರೆಡಿ ಸಿಂಥೆಟಿಕ್ ಸೀಲ್ ಸಿಗ್ತಾವ, ಆದ್ರ ಈ ಪಿಸ್ಟನ್ ತೊಗಲಿನ ಸಲುವಾಗೇ ಮಾಡಿದ್ದು, ಮತ್ತ ತೊಗಲ ನಮ್ಮ ಜಿಲ್ಲಾದಾಗ ಸಿಗೂದಿಲ್ಲ ಅಂದ್ರ ಮತ್ತೆಲ್ಲೆ ಸಿಗಬೇಕು. ಅಥಣಿ ಕಡೆ ಕೊಲ್ಹಾಪುರಿ ಚಪ್ಪಲಿ ಮಾಡಾವರು ವಾಪರಸೂ ತೊಗಲ ಮರದ ತೊಗಟಿ, ಅಳಲೆಕಾಯಿಯಿಂದ ಹದ ಮಾಡಿದ್ದು. ಆ ಚಪ್ಪಲಿಗೆ 2019ರಾಗ ಜಿಐ (ಊರಿನ ಹೆಸರಿನ ಗುರುತು) ಸಿಕ್ಕೇತಿ, ಬೆಳಗಾವಿ, ಬಾಗಲಕೋಟಿ, ವಿಜಯಪುರ, ಧಾರವಾಡ ನಾಕೂ ಜಿಲ್ಲಾ ಅದರಾಗ ಅದಾವ. ಹಿಂಗ ಹದ ಮಾಡಿದ ತೊಗಲ ನೀರಾಗ ನೆನಸಿ ಒತ್ತಿದ್ರ ಆ ಆಕಾರದಾಗ ಒಣಗಿ ಕೂಡ್ತೈತಿ, ಕ್ರೋಮ್ ಹದದ ಮೆತ್ತನ ತೊಗಲ ಹಂಗ ಕೂಡೂದಿಲ್ಲ. 3 ಎಂಎಂ ದಪ್ಪದ ತುಂಡು 60 ರೂಪಾಯಿಗೆ ಕೊಟ್ರು, ಕೊಟ್ಟ ಹಿರಿಯರು ಯಾ ಕೆಲಸಕ್ಕ ಅಂತ ಕೇಳಿ ತಿಳ್ಕೊಂಡು ಬೆನ್ನಿನ ಭಾಗದ್ದನ ಆರಿಸಿ ಕೊಟ್ರು, ಹೊಟ್ಟಿ ಕಡೆದು ಹಿಗ್ಗತೈತ್ರಿ ಅಂದ್ರು.

ಸಿಲಿಂಡರ್ ಬೋರ್ 25 ಎಂಎಂ. ಡೈ ಹಿಂಗ: ಹೆಣ್ಣು ಭಾಗ 25.2, ಗಂಡು ಭಾಗ 19, ನಡುವ ತೊಗಲ ಬಟ್ಟಲದಂಗ ಮಡಚಿ ಕೂಡ್ತೈತಿ. ನೆನಸಿ ವೈಸಿನ್ಯಾಗ ಒತ್ತಿ ಹಂಗ ಒಣಗಾಕ ಬಿಟ್ಟೆ, ಬಿಸಲಿಗೆ ಇಡಬಾರದು. ಆಮ್ಯಾಲ ಅಂಚು ಲೇಥಿನ್ಯಾಗ ಚೂಪು ಬ್ಲೇಡಿನಿಂದ ಕತ್ತರಿಸಿದೆ. ಮೊದಲು ಒತ್ತಿದ್ದು ಬಿಗಿ ಆತು, ಪಿಸ್ಟನ್ ಕೈಲೆ ದೂಡಿದ್ರ ಹೋಗಲೇ ಇಲ್ಲ, ಸ್ಪೀಡ್ 130ಕ್ಕ ಬಿತ್ತು. ಹೊರ ಮಾರಿಗೆ ಸಣ್ಣ ಎಮ್ರಿ ತಿಕ್ಕಿ, ಸಿಲಿಂಡರ್ ಮುಂದಿನ ಗಾಳಿ ತೂತು ಬೆರಳಿಂದ ಮುಚ್ಚಿ ಪಿಸ್ಟನ್ ದೂಡಿದಾಗ ಗಾಳಿ ತಡಿಬೇಕು, ಬೆರಳು ತೆಗದ್ರ ಸರಳ ಹೋಗಬೇಕು, ಅಲ್ಲಿ ತನಕ ತಂದೆ.

ಎಣ್ಣಿ ವಿಷಯ ಕಿವಿಗೊಟ್ಟು ಕೇಳ್ರಿ. ತೊಗಲಿಗೆ ಎಣ್ಣಿ ಕುಡಸಬೇಕು, ಆದ್ರ ಸಿಲಿಂಡರ್‌ದಾಗ ಎಣ್ಣಿ ನಿಂತಿರಬಾರದು. ಪಿಸ್ಟನ್ ಗಾಳಿ ಒತ್ತಿದಾಗ ಶಾಖಕ್ಕ ಆ ಎಣ್ಣಿ ಹೊತ್ತಿ ಡೀಸೆಲ್ ಇಂಜಿನ್ ಹಂಗನ ಕೆಲಸ ಮಾಡ್ತೈತಿ, ಹೊಗಿ ಬರ್ತೈತಿ, ಸಪ್ಪಳ ಏರ್ತೈತಿ, ಸ್ಪೀಡ್ ಮನಸಿಗೆ ಬಂದಂಗ ಹೋಗ್ತೈತಿ. ನನಗ ಸುರುವಿನ ಹೊಡತದಾಗ 190ರ ಮ್ಯಾಲ ತೋರಿಸ್ತು. ಅದು ಖುಷಿ ಪಡೂ ಸ್ಪೀಡ್ ಅಲ್ಲ, ಸ್ಪ್ರಿಂಗ್ ಮತ್ತ ಸೀಲ್ ಹಾಳ ಮಾಡೂದು. ಹೊಗಿ ನಿಲ್ಲೂ ತನಕ ಯಾ ರೀಡಿಂಗೂ ಬರಕೊಳ್ಳಿಲ್ಲ. ಸ್ಪ್ರಿಂಗಿಗೆ ಮೋಲಿ ಗ್ರೀಸ್ ತೆಳ್ಳಗ ಒಂದು ಪದರ ಸಾಕು.

ಈಗ ಸ್ಪೀಡ್ ಫರಕು 22ರಿಂದ 9ಕ್ಕ ಬಂತು. ಗ್ರೂಪ್ 24ರಿಂದ 20. ಲೆಕ್ಕ ಹೇಳಿದ್ದು ಖರೇ ಆತು.

ಹಂತ 6: ಬ್ರೀಚ್ ಸೀಲ್ (ಬ್ಯಾರಲ್ ಮತ್ತ ಸಿಲಿಂಡರ್ ಕೂಡೂ ಜಾಗಾದಾಗ ಗಾಳಿ ತಡಿಯೂ ರಿಂಗ್)

ಬ್ಯಾರಲ್ ಮುಚ್ಚಿದಾಗ ಜೋಡಣಿ ಮ್ಯಾಲ ಟಿಶ್ಯೂ ಪೇಪರಿನ ಸಣ್ಣ ಪಟ್ಟಿ ಇಟ್ಟು, ಪೆಲೆಟ್ ಹಾಕಿ ಹೊಡದೆ, ಪಟ್ಟಿ ಹಾರಿ ಬಿತ್ತು. ಗಾಳಿ ಸೋರಾಕತ್ತೈತಿ ಅಂತ ಅರ್ಥ. ಓ-ರಿಂಗ್ ಬದಲಿ ಮಾಡಿ ಅದರ ಕೆಳಗ 0.2 ಎಂಎಂ ಪ್ಲಾಸ್ಟಿಕ್ ಶಿಮ್ ಕೊಟ್ಟೆ, ಪಟ್ಟಿ ಅಲುಗಾಡೂದು ನಿಂತಿತು. ಸ್ಪೀಡ್ ಫರಕು 5, ಸರಾಸರಿ 165. ಪೆಲೆಟ್ 0.53 ಗ್ರಾಂ ಹಿಡದ್ರ ಶಕ್ತಿ 7.2 ಜೂಲ್, ಮ್ಯಾಚ್ ರೈಫಲ್ ಇರೂದೂ ಇದರ ಆಜುಬಾಜು. ಗ್ರೂಪ್ 19.

ಹಂತ 7: ಖರೇ ಕಾರಣ ಇಲ್ಲೇ ಇತ್ತು

ಸ್ಪೀಡ್ ಈಗ ಬರೋಬ್ಬರಿ, ಆದ್ರೂ 19 ಎಂಎಂ. ಬ್ಯಾರಲ್ ತುದಿಗೆ ಡಯಲ್ ಗೇಜ್ ಹಚ್ಚಿ ಬೆರಳಿಂದ ಅಡ್ಡ ದೂಡಿ ನೋಡಿದೆ, ಮುಳ್ಳು 0.3 ಎಂಎಂ ಸರೀತು. ಇದರ ಹಿಂದಿನ ಗುರಿ ಕಣ್ಣು ರಿಸೀವರ್ (ಸಿಲಿಂಡರ್ ಇರೂ ಭಾಗ) ಮ್ಯಾಲ ಐತಿ, ಮುಂದಿಂದು ಬ್ಯಾರಲ್ ತುದಿಗೆ ಐತಿ. ಹಿಂಗಾಗಿ ಬ್ಯಾರಲ್ ಪ್ರತಿ ಸಲ ಬ್ಯಾರೆ ಜಾಗಾಕ್ಕ ಕೂತ್ರ ನೀವು ಎಷ್ಟ ಚಲೋ ಗುರಿ ಹಿಡದ್ರೂ ಹೊಡಿಯೂ ಹೊತ್ತಿಗೆ ಅದು ಅಲ್ಲಿ ಇರೂದಿಲ್ಲ. ತಿರುಗೂ ಬೋಲ್ಟಿನ ಎರಡೂ ಕಡೆ ವಾಷರ್ ಸವದಿದ್ವು. ಫಾಸ್ಫರ್ ಬ್ರಾಂಜ್ ತಗಡಿನಾಗ ಹೊಸಾವು ಕತ್ತರಿಸಿ ತಿಕ್ಕಿ ಅಳತಿಗೆ ತಂದೆ. ಬ್ಯಾರಲ್ ಬಿಟ್ರ ತನ್ನ ಭಾರಕ್ಕ ತಾ ಬೀಳಬಾರದು, ಎಲ್ಲಿ ಬಿಟ್ಟೀರಿ ಅಲ್ಲೇ ನಿಲ್ಲಬೇಕು, ಬೋಲ್ಟ್ ಅಷ್ಟ ಬಿಗಿ. ಮುಳ್ಳು ಈಗ 0.02ರ ಮ್ಯಾಲ ಹೋಗೂದಿಲ್ಲ.

ಇನ್ನೊಂದು ಸ್ಟಾಕಿನ ಸ್ಕ್ರೂ. ಸ್ಪ್ರಿಂಗ್ ರೈಫಲ್ ಹಿಂದಕ ಒದ್ದು ಮತ್ತ ಮುಂದಕ ಒದಿತೈತಿ, ಪಿಸ್ಟನ್ ಹೋಗಿ ಬಡದಾಗ. ಎರಡೂ ಕಡಿಂದ ಝಾಡಿಸಿ ಮುಂದಿನ ಎರಡು ಸ್ಕ್ರೂ ಒಂದು ಡಬ್ಬಿ ಪೆಲೆಟ್ ಮುಗಿಯೂದ್ರಾಗ ಸಡಲ ಆಗಾಕತ್ತಿದ್ವು. ಸ್ಕ್ರೂ ತಲಿ ಕೆಳಗ ಕಟ್ಟಿಗಿ ಅದುಮಿ ಹೋಗಿತ್ತು, ಹಿಂಗಾಗಿ ಎಷ್ಟು ಬಿಗಿ ಮಾಡಿದ್ರೂ ನಿಲ್ತಿದ್ದಿಲ್ಲ. ಅಲ್ಲೆ ಹಿತ್ತಾಳಿ ಬಟ್ಟಲ ವಾಷರ್ ತಿರುವಿ ಅರಾಲ್ಡೈಟ್ ಹಾಕಿ ಕೂಡಿಸಿದೆ, ಸ್ಕ್ರೂಗೆ ನೀಲಿ ಥ್ರೆಡ್‌ಲಾಕರ್.

ಗ್ರೂಪ್ 19ರಿಂದ 12. ಇಡೀ ಕೆಲಸದಾಗ ಎಲ್ಲಾಕಿಂತ ದೊಡ್ಡ ಇಳಿತ ಇದ, ಖರ್ಚು ಮಾತ್ರ ಕಮ್ಮಿ. ನಿಮ್ಮ ರೈಫಲ್ ಗ್ರೂಪ್ ಕೂಡಸವಲ್ತು ಅಂದ್ರ ಸ್ಪ್ರಿಂಗ್ ತರಸೂ ಮೊದಲು ಸ್ಕ್ರೂ ಮತ್ತ ಬ್ಯಾರಲ್ ಬೋಲ್ಟ್ ನೋಡ್ರಿ, ದಯವಿಟ್ಟು.

ಹಂತ 8: ಪೆಲೆಟ್ ಆರಸೂದು

ಸರಾಫರ ಹತ್ರ ಇರೂ ಹಂಗಿನ 0.001 ಗ್ರಾಂ ತಕ್ಕಡಿ ಗೆಳೆಯನ ಕಡಿಂದ ಇಸ್ಕೊಂಡು ಒಂದು ಡಬ್ಬಿ ಪೂರಾ ತೂಗಿದೆ. 0.518ರಿಂದ 0.541. ತೂಕದ ಪ್ರಕಾರ ಗುಂಪು ಮಾಡಿ ಹೊಡದ್ರ ಗ್ರೂಪ್ 12 ಇದ್ದದ್ದು 12. ಲೆಕ್ಕ ಮಾಡಿದ್ರ ಅದೂ ಸರಿನ: 0.01 ಗ್ರಾಂ ಫರಕಿಗೆ ಸ್ಪೀಡ್ ಒಂದು ಪರ್ಸೆಂಟ್ ಬದಲಾದ್ರೂ 10 ಮೀಟರ್‌ನ್ಯಾಗ ಇಳಿಯೂದು ಅರ್ಧ ಎಂಎಂನೂ ಬದಲಾಗೂದಿಲ್ಲ. 6 ಪಿಪಿಸಿ ಮಂದಿಗೆ ತೂಕ ಮಾಡೂದು 100 ಗಜ, 200 ಗಜದಾಗ ಫಲ ಕೊಡ್ತಿರಬೇಕು, ನಮಗ ಇಲ್ಲಿ ಹೊತ್ತು ಹಾಳು.

ತಲಿ ಅಳತಿ ಮಾತ್ರ ಸ್ವಲ್ಪ ಫರಕು ತೋರಿಸ್ತು. ಪೆಲೆಟ್ ತಲಿ 4.49, 4.50, 4.51 ಹಿಂಗ ಬರ್ತಾವ, ಅದ ಗೆರಿ ಮ್ಯಾಲ ಕೂಡೂ ಭಾಗ. ಎರಡು ಗ್ರೈಂಡ್ ಮಾಡಿದ ಪಟ್ಟಿ ಎದರಾಬದರ ಕೂಡಿಸಿ, ಒಂದು ತುದಿ 4.40, ಇನ್ನೊಂದು ತುದಿ 4.60, ಉದ್ದ 200 ಎಂಎಂ. ಪೆಲೆಟ್ ತಲಿ ಕೆಳಗ ಮಾಡಿ ಸಣ್ಣ ಸಂದಿನ ಕಡಿಂದ ದೊಡ್ಡದರ ಕಡೆ ಜಾರಿಸಿದ್ರ ತಲಿ ಹಿಡಸೂ ಜಾಗಾದಾಗ ಇಳದು ಹೊಗತೈತಿ, ಪ್ರತಿ 10 ಎಂಎಂಗೆ 0.01. ಒಂದೇ ಅಳತಿಯವು ಹೊಡದಾಗ ಗ್ರೂಪ್ 11. ಮ್ಯಾಚಿಗೆ ಹೋಗೂ ಹೊತ್ತಿನ್ಯಾಗ ಮಾಡಬಹುದು, ದಿನಾ ಬ್ಯಾಡ. ಅಂಚು ಮಡಚಿದ ಪೆಲೆಟ್ ಕಣ್ಣಿಲೆ ನೋಡಿ ತೆಗದು ಒಗಿಯೂದು ಇದಕ್ಕಿಂತ ಹೆಚ್ಚು ಕೆಲಸ ಮಾಡ್ತೈತಿ.

ಹಂತ 9: ಹಿಡಿಯೂ ರೀತಿ

ಇಲ್ಲಿ ತನಕ ಸ್ಟಾಕ್ ನೇರ ಚೀಲದ ಮ್ಯಾಲ ಇತ್ತು. ಸ್ಪ್ರಿಂಗ್ ರೈಫಲ್ ಗಟ್ಟಿ ವಸ್ತು ಮ್ಯಾಲ ಇಟ್ರ ಪುಟೀತೈತಿ, ಬಿಗಿ ಹಿಡದ್ರ ಹಿಡತದ ಪ್ರಕಾರ ಗುಂಡಿನ ಜಾಗಾ ಸರೀತೈತಿ, ಯಾಕಂದ್ರ ಪೆಲೆಟ್ ಬ್ಯಾರಲ್ ಬಿಡೂ ಮೊದಲ ರೈಫಲ್ ಅಲುಗಾಡಿರ್ತೈತಿ. ಅಂಗೈ ಚೀಲದ ಮ್ಯಾಲ ಇಟ್ಟು, ಅಂಗೈ ಮ್ಯಾಲ ಸ್ಟಾಕ್ ಸುಮ್ಮನ ಕೂಡಿಸಿ, ಬೆರಳು ಮಡಚದ, ಭುಜಕ್ಕ ಬರೇ ತಾಗಿಸಿ ಹೊಡದೆ. ಗ್ರೂಪ್ 8.

ಅಕ್ಕನ ಮಗಳು ನಿಂತು ಹೊಡಿತಾಳ, ಅಕಿದು ಗ್ರೂಪ್ ದೊಡ್ಡದಾಗೂದು ಸಹಜ, ಆದ್ರ ಈಗ ಗುರಿ ತಪ್ಪಿದ್ರ ಯಾ ಕಡೆ ತಪ್ತು ಅಂತ ಹೊಡದ ಕ್ಷಣ ಹೇಳ್ತಾಳ, ಕಾರ್ಡ್ ತೆಗದು ನೋಡಿದ್ರ ಅಲ್ಲೇ ಇರ್ತೈತಿ. "ಮಾಮಾ, ಮೊದಲ ನನ್ನ ತಪ್ಪೋ ರೈಫಲ್ ತಪ್ಪೋ ತಿಳೀತಿದ್ದಿಲ್ಲ" ಅಂದ್ಲು. ನನಗ ಬೇಕಾದ್ದು ಅಷ್ಟ ಇತ್ತು.

ಖರ್ಚು: ಸ್ಪ್ರಿಂಗ್ 450, ಡೆಲ್ರಿನ್ 180, ತೊಗಲ 60, ಓ-ರಿಂಗ್ 30, ಥ್ರೆಡ್‌ಲಾಕರ್ 150, ಪ್ಲೈ ಮತ್ತ ಪ್ಲೇಟ್ 700, ಅರ್ಡುಯಿನೋ ಸೆನ್ಸರ್ ಕೂಡಿ 900. ಒಟ್ಟು 2,470 ರೂಪಾಯಿ, ಪೆಲೆಟ್ ಬಿಟ್ಟು.

ಓಣ್ಯಾಗ ನೋಡಾಕ ಬಂದವರು ಕೇಳೂದು ಒಂದ: ಕಬ್ಬಿಗೆ ಹಂದಿ ಬರ್ತಾವ, ಇದರಿಂದ ಆಗ್ತೈತೇನ್ರಿ? ಆಗೂದಿಲ್ಲ. 7 ಜೂಲಿನ ಪೆಲೆಟ್ ಹಂದಿಗೆ ಗಾಯ ಮಾಡಿ ನರಳಸ್ತೈತಿ ಅಷ್ಟ, ಮತ್ತ ಅರಣ್ಯ ಇಲಾಖೆ ಪರವಾನಗಿ ಇಲ್ದ ಕಾಡುಪ್ರಾಣಿ ಹೊಡಿಯೂದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಹಕ್ಕಿಗೂ ಹಂಗ. ಇದು ಕಾಗದಕ್ಕ ಹೊಡಿಯೂ ರೈಫಲ್.

ಉಳಿದದ್ದು ಟ್ರಿಗರ್. ಸ್ಪ್ರಿಂಗ್ ತಕ್ಕಡಿ ಹಚ್ಚಿ ನೋಡಿದ್ರ ಎಳತ 2.4 ಕೇಜಿ ಐತಿ, ಅಕಿ ಬೆರಳಿಗೆ ಭಾಳ ಆತು. ಸಿಯರ್ (ಒತ್ತಿದ ಸ್ಪ್ರಿಂಗ್ ಹಿಡದು ನಿಲ್ಲಸೂ ಕೊಂಡಿ) ಮಾರಿ ತಿಕ್ಕಿ ಹಗುರ ಮಾಡ್ರಿ ಅಂತ ಹೇಳಾವರು ಅದಾರ, ನಾ ಮಾಡೂದಿಲ್ಲ, ಆ ಗಡಸು ಪದರ ಹ್ವಾದ್ರ ಬ್ಯಾರಲ್ ಮುಚ್ಚೂ ಹೊತ್ತಿನ್ಯಾಗ ತಾನ ಬಿಟ್ಟು ಬೆರಳು ಹೋಗ್ತೈತಿ. ಸದ್ಯಕ್ಕ ಪಿನ್ ಪಾಲಿಶ್ ಮಾಡಿ ಮೋಲಿ ಹಚ್ಚೀನಿ, 2.1ಕ್ಕ ಬಂದೈತಿ. ಮುಂದ ಟ್ರಿಗರ್ ಸ್ಪ್ರಿಂಗ್ ಒಂದ ಸ್ವಲ್ಪ ತೆಳ್ಳಗಿನ ತಂತಿಯಾಗ ಸುತ್ತಿ ನೋಡೂದು, ಹಾಕಿದ ಮ್ಯಾಲ ಪೆಲೆಟ್ ಇಲ್ದ ಕಾಕ್ ಮಾಡಿ (ಬ್ಯಾರಲ್ ಮಡಚಿ ಸ್ಪ್ರಿಂಗ್ ಒತ್ತಿ), ಬ್ಯಾರಲ್ ಕೈಯಾಗ ಗಟ್ಟಿ ಹಿಡಕೊಂಡು, ರಬ್ಬರ್ ಸುತ್ತಿಗಿಯಿಂದ ಸ್ಟಾಕ್ ತಟ್ಟಿ ಸಿಯರ್ ಹಿಡಿತೈತೋ ಇಲ್ಲೋ ಪರೀಕ್ಷಾ ಮಾಡೂದು. ಅದು ಪಾಸಾಗೂ ತನಕ ಹಳೆ ಸ್ಪ್ರಿಂಗ್ ಒಳಗ ಇರ್ತೈತಿ.